ಸೀಸರ್ ಟು: ಪೈಪ್ ಸ್ಟ್ರೆಸ್ ಕಲಿಯುವವರಿಗೆ ಎಷ್ಟು ಒದಗುತ್ತದೆ?

ಪೈಪಿಂಗ್ ಡಿಸೈನ್ ಕೆಲಸದ ಇಂಟರ್‌ವ್ಯೂನಲ್ಲಿ ಬೇಗನೆ ಬರುವ ಪ್ರಶ್ನೆ "ಸೀಸರ್ ಬರುತ್ತಾ?" ಎಂಬುದು. ಸೀಸರ್ ಎಂದರೆ ಬಿಸಿ, ತೂಕ, ಒತ್ತಡಗಳಿಂದ ಪೈಪಿನಲ್ಲಿ ಹುಟ್ಟುವ ಸ್ಟ್ರೆಸ್ (ಒಳಬಿಗಿತ) ಲೆಕ್ಕ ಹಾಕುವ ಸಾಫ್ಟ್‌ವೇರ್. ರಿಫೈನರಿ, ಪವರ್ ಪ್ಲಾಂಟ್, ಗೊಬ್ಬರ ಕಾರ್ಖಾನೆ, ಯಾವುದೇ ಇರಲಿ, ಬಿಸಿ ಪೈಪ್ ಇದ್ದಲ್ಲಿ ಈ ಸಾಫ್ಟ್‌ವೇರಿನ ಹೆಸರು ಬರುತ್ತದೆ. 1984ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿದ ಇದು ಮುಂದೆ ಇಂಟರ್‌ಗ್ರಾಫ್ ಕೈಗೆ ಹೋಯಿತು. 2010ರಲ್ಲಿ ಇಂಟರ್‌ಗ್ರಾಫನ್ನೇ ಹೆಕ್ಸಗನ್ ಕೊಂಡಿತು, ಹೀಗಾಗಿ ಮುಂದೆ ಪೆಟ್ಟಿಗೆಯ ಮೇಲೆ ಹೆಕ್ಸಗನ್ ಹೆಸರು ಬಂತು. ಕಂಪನಿಗಳಿಗೆ ಇದು ಒಳ್ಳೆಯದೋ ಅಲ್ಲವೋ ಎಂಬ ಚರ್ಚೆ ಎಂದೋ ಮುಗಿದಿದೆ. ಇಲ್ಲಿ ನೋಡುತ್ತಿರುವುದು ಬೇರೆ: ಸ್ಟ್ರೆಸ್ ಅನಾಲಿಸಿಸ್ ಕಲಿಯಲು ಹೊರಟವರಿಗೆ ಇದು ಎಂಥ ಉಪಕರಣ?

ಲೆಕ್ಕ ಮಾಡುವುದರಲ್ಲಿ ಇದನ್ನು ನಂಬಬಹುದು. ಕಲಿಸುವುದರಲ್ಲಿ ಮಾತ್ರ ತೀರಾ ಸೋಮಾರಿ. ತಪ್ಪು ಮಾಡೆಲ್ ಕೊಟ್ಟರೂ ಅಷ್ಟೇ ಅಚ್ಚುಕಟ್ಟಾಗಿ ರಿಪೋರ್ಟ್ ಮುದ್ರಿಸಿ ಕೈಗಿಡುತ್ತದೆ. ಎರರ್ ಚೆಕ್ ಇದೆ, ನಿಜ. ಆದರೆ ಅದು ಹಿಡಿಯುವುದು ಬಿಟ್ಟುಹೋದ ಗೋಡೆದಪ್ಪವನ್ನೋ, ಬೆಂಡ್‌ಗೆ ಜಾಗ ಸಾಲದ ಎಲಿಮೆಂಟನ್ನೋ. ಸೈಟಿನಲ್ಲಿ ಇಲ್ಲದ ಸಪೋರ್ಟನ್ನು ಮಾಡೆಲ್‌ನಲ್ಲಿ ಇಟ್ಟರೆ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಮೊದಲು ಒಳಗೆ ನಡೆಯುವುದೇನೆಂದು ತಿಳಿದಿರಬೇಕು. ಪರದೆಯ ಮೇಲೆ ದುಂಡಗಿನ ಪೈಪ್ ಕಂಡರೂ ಲೆಕ್ಕಕ್ಕೆ ಹೋಗುವುದು ಎರಡು ನೋಡ್‌ಗಳ (ಸಂಖ್ಯೆ ಕೊಟ್ಟ ಬಿಂದುಗಳ) ನಡುವಿನ ಒಂದು ಗೆರೆ, ಅಂದರೆ ಬೀಮ್ ಎಲಿಮೆಂಟ್. ಪ್ರತಿ ನೋಡ್‌ಗೆ ಮೂರು ಚಲನೆ, ಮೂರು ತಿರುವು. ಹಾಗಾಗಿ ಟ್ರನಿಯನ್ (ಆಸರೆಗೆಂದು ಪೈಪಿಗೆ ಬೆಸೆದ ತುಂಡು) ಬೆಸುಗೆಯ ಬುಡದಲ್ಲಿ ಪೈಪ್ ಗೋಡೆ ಎಷ್ಟು ಒಳಕ್ಕೆ ಬಾಗುತ್ತದೆ, ದೊಡ್ಡ ವ್ಯಾಸದ ತೆಳು ಪೈಪ್ ಸ್ಯಾಡಲ್ ಮೇಲೆ ಹೇಗೆ ಚಪ್ಪಟೆಯಾಗುತ್ತದೆ ಎಂಬುದು ಈ ಮಾಡೆಲ್‌ನಲ್ಲಿ ಸಿಗುವುದಿಲ್ಲ. ಅದಕ್ಕೆ ಡಬ್ಲ್ಯೂಆರ್‌ಸಿ 537 ರೀತಿಯ ಲೋಕಲ್ ಸ್ಟ್ರೆಸ್ ಲೆಕ್ಕವೋ ಶೆಲ್ ಎಲಿಮೆಂಟ್ ಬಳಸುವ, ಅಂದರೆ ಗೋಡೆಯನ್ನೇ ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಮಾಡುವ ಎಫ್‌ಇಎಯೋ ಬೇಕು. ಎಲ್ಬೋ, ಟೀಗಳಲ್ಲಿ ಬೀಮ್ ಥಿಯರಿ ಸಾಲದು ಎಂದೇ ಎಸ್‌ಐಎಫ್ (ಸ್ಟ್ರೆಸ್ ಎಷ್ಟು ಪಟ್ಟು ಹೆಚ್ಚುತ್ತದೆ) ಮತ್ತು ಫ್ಲೆಕ್ಸಿಬಿಲಿಟಿ ಫ್ಯಾಕ್ಟರ್ (ನೇರ ಪೈಪಿಗಿಂತ ಎಷ್ಟು ಪಟ್ಟು ಸುಲಭವಾಗಿ ಬಾಗುತ್ತದೆ) ಎಂಬ ಗುಣಕಗಳನ್ನು ಸೇರಿಸುತ್ತಾರೆ. ರಿಫೈನರಿ, ಕೆಮಿಕಲ್ ಪ್ಲಾಂಟ್ ಪೈಪಿಂಗಿನ ಅಮೆರಿಕನ್ ಕೋಡ್ ಬಿ31.3ರ 2020ರ ಆವೃತ್ತಿಯಿಂದ ಇವುಗಳಿಗೆ ಹಳೆಯ ಅಪೆಂಡಿಕ್ಸ್ ಡಿ ಇಲ್ಲ, ಬಿ31ಜೆ ಎಂಬ ಪ್ರತ್ಯೇಕ ಸ್ಟ್ಯಾಂಡರ್ಡ್ ನೋಡಬೇಕು. ಎಲ್ಬೋದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಟೀಗಳಲ್ಲಿ ಇದೆ. ಹಳೆಯ ಆವೃತ್ತಿಯ ಸಾಫ್ಟ್‌ವೇರಿನಲ್ಲಿ ಕಲಿಯುವವರು ಇದನ್ನು ಗಮನದಲ್ಲಿಡಬೇಕು.

ಇನ್‌ಪುಟ್ ಪರದೆ ಹಳೆಯ ಕಾಲದ್ದು, ಆದರೆ ರೂಢಿಯಾದರೆ ವೇಗವಾಗಿದೆ. 10ರಿಂದ 20, 20ರಿಂದ 30 ಎಂದು ನೋಡ್ ಸಂಖ್ಯೆ ತಾನೇ ಏರುತ್ತದೆ. ಪ್ರತಿ ಎಲಿಮೆಂಟ್‌ಗೆ ಮೂರು ದಿಕ್ಕಿನ ಉದ್ದ, ಹೊರವ್ಯಾಸ, ಶೆಡ್ಯೂಲ್ (ಗೋಡೆದಪ್ಪದ ದರ್ಜೆ), ತಾಪಮಾನ, ಒತ್ತಡ, ಮೆಟೀರಿಯಲ್, ದ್ರವದ ಸಾಂದ್ರತೆ. ಬೆಂಡ್, ರಿಜಿಡ್ (ಬಾಗದ ತುಂಡು), ರಿಸ್ಟ್ರೇಂಟ್ (ಚಲನೆ ತಡೆಯುವ ಹಿಡಿತ) ಬೇಕಾದರೆ ಅದರ ಚೌಕದ ಮೇಲೆ ಡಬಲ್ ಕ್ಲಿಕ್. ಹೊಸಬರು ಮೊದಲ ಗಂಟೆಯಲ್ಲಿ ಸಿಂಗಲ್ ಕ್ಲಿಕ್ ಮಾಡಿ ಮಾಡಿ ಬೇಸತ್ತುಕೊಳ್ಳುವುದು ಇಲ್ಲೇ. ಒಮ್ಮೆ ಕೊಟ್ಟ ತಾಪಮಾನ, ವ್ಯಾಸ, ಸಾಂದ್ರತೆ ಮುಂದಿನ ಎಲಿಮೆಂಟ್‌ಗಳಿಗೂ ತಾನಾಗಿ ಹರಿಯುತ್ತವೆ. ಅನುಕೂಲವೂ ಇದೇ, ಎಡವಟ್ಟೂ ಇದೇ. ಬಿಸಿ ಲೈನಿನಿಂದ ಕವಲೊಡೆದು ಮುಚ್ಚಿದ ವಾಲ್ವಿನ ಆಚೆ ತಣ್ಣಗಿರುವ ಲೈನ್ ಇದ್ದರೆ, ಅಲ್ಲಿ ತಾಪಮಾನವನ್ನು ಬದಲಿಸದಿದ್ದರೆ ತಣ್ಣಗಿನ ಪೈಪೂ 200 ಡಿಗ್ರಿಯಲ್ಲಿ ಹಿಗ್ಗುತ್ತದೆ. ಸಾಂದ್ರತೆಯ ಜಾಗದಲ್ಲಿ ಯೂನಿಟ್ ಗೊಂದಲವಾದರೆ 0.8ರ ಮುಂದೆ ಎಸ್‌ಜಿ ಎಂಬ ಎರಡು ಇಂಗ್ಲಿಷ್ ಅಕ್ಷರ ಸೇರಿಸಿ. ಅದನ್ನು ಸ್ಪೆಸಿಫಿಕ್ ಗ್ರಾವಿಟಿ ಎಂದು ತೆಗೆದುಕೊಂಡು ತಾನೇ ಪರಿವರ್ತಿಸುತ್ತದೆ. ಚಿಕ್ಕ ಸೌಲಭ್ಯ, ಆದರೆ ನೀರಿನ ತೂಕ ಸಾವಿರ ಪಟ್ಟು ತಪ್ಪುವುದನ್ನು ತಪ್ಪಿಸುತ್ತದೆ.

ಬೆಂಡ್ ಬಗ್ಗೆ ಒಂದು ಮಾತು. 20ನೇ ನೋಡ್‌ನಲ್ಲಿ ಬೆಂಡ್ ಕೊಟ್ಟರೆ, ಉದ್ದವನ್ನು ಮೂಲೆಯ ಕೂಡುಬಿಂದುವಿನವರೆಗೆ ಅಳೆದು ಕೊಡುತ್ತೇವೆ. ಆದರೆ ಲೆಕ್ಕದಲ್ಲಿ 20 ಎಂಬುದು ಎಲ್ಬೋದ ಆಚೆ ತುದಿಯ ಬೆಸುಗೆಯಲ್ಲಿ ಕೂರುತ್ತದೆ. ಈಚೆ ತುದಿ ಮತ್ತು ನಡುಭಾಗಕ್ಕೆ 18, 19 ಎಂದು ಸೇರಿಕೊಳ್ಳುತ್ತವೆ. ಎಲ್ಬೋ ಕೆಳಗೆ ಡಮ್ಮಿ ಲೆಗ್ (ಆಸರೆಗೆ ಬೆಸೆದ ಖಾಲಿ ಪೈಪಿನ ಕಾಲು) ಹಾಕುವವರು ಇದನ್ನು ತಿಳಿಯದೆ 20ಕ್ಕೆ ಸಪೋರ್ಟ್ ಕೊಟ್ಟು, ಕಾಲು ಎಲ್ಲೋ ಪಕ್ಕದಲ್ಲಿ ನಿಂತಿರುವುದನ್ನು 3ಡಿ ಚಿತ್ರದಲ್ಲಿ ಗಮನಿಸುವುದೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಲಿಯುವವರು ಯಾವ ಮಾಡೆಲ್‌ನಿಂದ ಶುರು ಮಾಡಬೇಕು? ಕೋರ್ಸ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ವಾರವೇ ನಲವತ್ತು ನೋಡ್‌ನ ಐಸೊಮೆಟ್ರಿಕ್ (ಪೈಪ್ ಲೈನಿನ ಡ್ರಾಯಿಂಗ್) ಕೈಗಿಡುತ್ತಾರೆ. ಅದನ್ನು ಟೈಪ್ ಮಾಡಿ ಮುಗಿಸಿದರೆ ಟೈಪಿಂಗ್ ಬಂತು, ಅಷ್ಟೇ. ಅದರ ಬದಲು ಕೈಲೆಕ್ಕಕ್ಕೆ ಸಿಗುವ ಮಾಡೆಲ್ ತೆಗೆದುಕೊಳ್ಳಿ: 6 ಇಂಚು, ಶೆಡ್ಯೂಲ್ 40, ಎ106 ಗ್ರೇಡ್ ಬಿ (ಕಾರ್ಬನ್ ಉಕ್ಕಿನ) ಪೈಪ್. ಹೊರವ್ಯಾಸ 168.3 ಮಿಲಿಮೀಟರ್, ಗೋಡೆ 7.11. ತಾಪಮಾನ ಸುಮಾರು 20ರಿಂದ 200 ಡಿಗ್ರಿಗೆ, ಅಂದರೆ 180 ಡಿಗ್ರಿ ಏರಿಕೆ.

ಮೊದಲು 10 ಮೀಟರ್ ನೇರ ಪೈಪ್, ಒಂದು ತುದಿಗೆ ಮಾತ್ರ ಆಂಕರ್ (ಅಲುಗದಂತೆ, ತಿರುಗದಂತೆ ಪೂರ್ತಿ ಬಿಗಿದ ಹಿಡಿತ). ಇನ್ನೊಂದು ತುದಿ ಸುಮಾರು 22 ಮಿಲಿಮೀಟರ್ ಸರಿಯಬೇಕು. ಸರಿದರೆ ತಾಪಮಾನ, ಮೆಟೀರಿಯಲ್ ಸರಿ ಕೂತಿವೆ ಎಂದರ್ಥ. ಈಗ ಆ ತುದಿಗೂ ಆಂಕರ್ ಹಾಕಿ. ಪೈಪ್ ಹಿಗ್ಗಲು ಜಾಗವಿಲ್ಲದೆ ಒಳಗೇ ಒತ್ತಿಕೊಳ್ಳುತ್ತದೆ: ಸ್ಥಿತಿಸ್ಥಾಪಕ ಲೆಕ್ಕದಲ್ಲಿ ಸುಮಾರು 445 ಮೆಗಾಪಾಸ್ಕಲ್. ಈ ಉಕ್ಕಿನ ಯೀಲ್ಡ್ (ಶಾಶ್ವತವಾಗಿ ರೂಪ ಕೆಡತೊಡಗುವ ಸ್ಟ್ರೆಸ್) 240ರ ಆಸುಪಾಸು. ಪೈಪಿನ ಅಡ್ಡಕೊಯ್ತ 3600 ಚದರ ಮಿಲಿಮೀಟರ್ ಇರುವುದರಿಂದ ಆಂಕರ್ ಮೇಲಿನ ಬಲ 1600 ಕಿಲೋನ್ಯೂಟನ್, ಅಂದರೆ 160 ಟನ್ನಿಗೂ ಹೆಚ್ಚು. ಆರಿಂಚಿನ ಪೈಪ್! ಈ ಸಂಖ್ಯೆಯನ್ನು ಒಮ್ಮೆ ಪರದೆಯ ಮೇಲೆ ನೋಡಿದವರು ಎರಡು ಲೈನ್ ಸ್ಟಾಪ್‌ಗಳ (ಪೈಪ್ ಉದ್ದಕ್ಕೆ ಸರಿಯದಂತೆ ತಡೆಯುವ ಸಪೋರ್ಟ್‌ಗಳ) ನಡುವೆ ನೇರ ಪೈಪ್ ಸಿಕ್ಕಿಹಾಕಿಸುವ ತಪ್ಪನ್ನು ಸುಲಭಕ್ಕೆ ಮಾಡುವುದಿಲ್ಲ.

ಮೂರನೆಯದು, ಎಲ್ಲ ಪಾಠವೂ ಅಡಗಿರುವುದು. ಅದೇ 10 ಮೀಟರಿನ ತುದಿಗೆ ಲಾಂಗ್ ರೇಡಿಯಸ್ ಎಲ್ಬೋ, ಅಲ್ಲಿಂದ ಅಡ್ಡಕ್ಕೆ 5 ಮೀಟರ್, ಎರಡೂ ತುದಿಗೆ ಆಂಕರ್, ಎಲ್ಲ ಒಂದೇ ಸಮತಲದಲ್ಲಿ. 5 ಮೀಟರ್ ಕಾಲಿನ ತುದಿ ಪಂಪ್ ನಾಝಲ್ (ಪಂಪಿಗೆ ಪೈಪ್ ಸೇರುವ ಬಾಯಿ) ಎಂದುಕೊಳ್ಳಿ. ತುದಿಗಳು ತಿರುಗದೆ ಪಕ್ಕಕ್ಕೆ ಸರಿಯುವ ಕಡ್ಡಿಗೆ ಬಳಸುವ ಗೈಡೆಡ್ ಕ್ಯಾಂಟಿಲಿವರ್ ಸೂತ್ರದ ಪ್ರಕಾರ 22 ಮಿಲಿಮೀಟರ್ ತಳ್ಳಾಟಕ್ಕೆ ಆ ಕಾಲಿನಲ್ಲಿ ಬರುವ ಬಾಗುವ ಸ್ಟ್ರೆಸ್ 90 ಮೆಗಾಪಾಸ್ಕಲ್. ಮೂಲೆ ಸ್ವಲ್ಪ ತಿರುಗುವುದನ್ನೂ ಲೆಕ್ಕಕ್ಕೆ ತಂದರೆ ನಾಝಲ್ ತುದಿಯಲ್ಲಿ 64ಕ್ಕೆ ಇಳಿಯುತ್ತದೆ. ಎಲ್ಬೋಗೆ ಬಂದರೆ, ಈ ಅಳತೆಯಲ್ಲಿ ಎಸ್‌ಐಎಫ್ 2.27, ಫ್ಲೆಕ್ಸಿಬಿಲಿಟಿ ಫ್ಯಾಕ್ಟರ್ 6.6; ಗುಣಿಸಿದರೂ 85 ಮೆಗಾಪಾಸ್ಕಲ್ ಸುಮಾರು. ಸಾಫ್ಟ್‌ವೇರ್ ಎಲ್ಬೋದ ಮೃದುತನವನ್ನೂ ಸೇರಿಸುವುದರಿಂದ ಇನ್ನೂ ಕಡಿಮೆ ತೋರಿಸುತ್ತದೆ. ಬಿ31.3ರಲ್ಲಿ ಎಕ್ಸ್‌ಪ್ಯಾನ್ಷನ್ ಮಿತಿ ಶೀತ ಅಲವಬಲ್‌ನ (ತಣ್ಣಗಿರುವಾಗ ಕೋಡ್ ಒಪ್ಪುವ ಸ್ಟ್ರೆಸ್) 1.25 ಪಟ್ಟು, ಬಿಸಿ ಅಲವಬಲ್‌ನ 0.25 ಪಟ್ಟು ಕೂಡಿದಷ್ಟು: ಇಲ್ಲಿ ಸುಮಾರು 206. ಅಂದರೆ ರಿಪೋರ್ಟ್ ಪಾಸ್, ಮಿತಿಯ ಅರ್ಧವೂ ಬಳಕೆಯಾಗಿಲ್ಲ.

ಇಲ್ಲಿಗೆ ನಿಲ್ಲಿಸಿ ಖುಷಿಪಡುವವರೇ ಹೆಚ್ಚು. ಈಗ ರಿಸ್ಟ್ರೇಂಟ್ ಸಮ್ಮರಿ (ಆಂಕರ್, ಸಪೋರ್ಟ್‌ಗಳ ಮೇಲಿನ ಬಲಗಳ ಪಟ್ಟಿ) ತೆರೆಯಿರಿ. ಪಂಪ್ ತುದಿಯ ಬಲ ಸುಮಾರು 3 ಕಿಲೋನ್ಯೂಟನ್ ಒಳಗೇ ಇರುತ್ತದೆ. ಪಂಪ್‌ಗಳ ಸ್ಟ್ಯಾಂಡರ್ಡ್ ಎಪಿಐ 610ರ ಪಟ್ಟಿಯಲ್ಲಿ 150 ಮಿಲಿಮೀಟರ್ ನಾಝಲ್‌ಗೆ ಒಟ್ಟು ಬಲದ ಮಿತಿ 4480 ನ್ಯೂಟನ್. ಅದೂ ಪಾಸ್. ಮೊಮೆಂಟ್ (ಬಾಗಿಸಲು ಯತ್ನಿಸುವ ತಿರುಗುಬಲ) ನೋಡಿ: ಮೂಲೆ ಗಟ್ಟಿ ಜಾಯಿಂಟ್ ಎಂದು ಹಿಡಿದರೆ 8.9 ಕಿಲೋನ್ಯೂಟನ್ ಮೀಟರ್, ಕೀಲಿನಂತೆ ಸಡಿಲ ಎಂದು ಹಿಡಿದರೆ 6.3. ನಿಜವಾದ ಎಲ್ಬೋದ ಉತ್ತರ ಇವೆರಡರ ಮಧ್ಯೆ ಬರಬೇಕು. ಎಪಿಐ 610ರ ಮಿತಿ 3.13. ಎರಡು ಪಟ್ಟು ಮೀರಿದೆ. ಪೈಪಿಗೆ ಏನೂ ಆಗುವುದಿಲ್ಲ. ಪಂಪಿನ ಕೇಸಿಂಗ್ ತಿರುಚಿ ಶಾಫ್ಟ್ ಅಲೈನ್‌ಮೆಂಟ್ ಕೆಡುತ್ತದೆ, ಮೆಕ್ಯಾನಿಕಲ್ ಸೀಲ್ ಮತ್ತೆ ಮತ್ತೆ ಸೋರುತ್ತದೆ, ಬೇರಿಂಗ್ ಹೋಗುತ್ತದೆ. ಕಾರಣ ಹುಡುಕುವವರು ಸೀಲನ್ನೇ ಬೈಯುತ್ತಾ ಕೂರುತ್ತಾರೆ. ಅಡ್ಡ ಕಾಲನ್ನು 6, 7, 8 ಎಂದು ಉದ್ದ ಮಾಡುತ್ತಾ ಮತ್ತೆ ಮತ್ತೆ ರನ್ ಮಾಡಿ ನೋಡಿ. 8 ಮೀಟರಿನ ಸುಮಾರಿಗೆ ಮೊಮೆಂಟ್ ಮಿತಿಯ ಹತ್ತಿರ ಬರುತ್ತದೆ. ಜಾಗವಿಲ್ಲದಿದ್ದರೆ 10 ಮೀಟರ್ ಓಟದಲ್ಲಿ ಒಂದು ಲೂಪ್ (ಹಿಗ್ಗಿಗೆಂದು ಬಿಟ್ಟ ಯು ಆಕಾರದ ಸುತ್ತು). ಈ ರೀತಿ ಒಂದು ಸಂಖ್ಯೆ ಬದಲಿಸಿ ಕ್ಷಣದಲ್ಲಿ ಉತ್ತರ ನೋಡುವ ಕೆಲಸಕ್ಕೆ ಸೀಸರ್ ನಿಜಕ್ಕೂ ಸೊಗಸು. ಇಂಥ ಸಣ್ಣ ಮಾಡೆಲ್ ರನ್ ಆಗಲು ರೆಪ್ಪೆ ಬಡಿಯುವಷ್ಟೂ ಹೊತ್ತು ಹಿಡಿಯುವುದಿಲ್ಲ.

ಲೋಡ್ ಕೇಸ್‌ಗಳನ್ನು ಅದೇ ಸೂಚಿಸುತ್ತದೆ: ತೂಕ, ತಾಪಮಾನ, ಒತ್ತಡ ಸೇರಿದ್ದು ಆಪರೇಟಿಂಗ್, ತೂಕ ಮತ್ತು ಒತ್ತಡ ಮಾತ್ರ ಸಸ್ಟೇನ್ಡ್, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಎಕ್ಸ್‌ಪ್ಯಾನ್ಷನ್. ಕಲಿಯುವವರು ಸೂಚಿಸಿದ್ದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ಯಾಕೆ ಕಳೆಯಬೇಕು, ತಾಪಮಾನವೊಂದನ್ನೇ ಹಾಕಿ ರನ್ ಮಾಡಿದರೆ ಆಗದೇ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಸಪೋರ್ಟ್‌ಗಳು ಒಂದೇ ಕಡೆ ಒತ್ತುತ್ತವೆ, ಗೈಡ್‌ನಲ್ಲಿ (ಪಕ್ಕಕ್ಕೆ ಸರಿಯದಂತೆ ತಡೆಯುವ ಸಪೋರ್ಟ್) ಗ್ಯಾಪ್ ಇರುತ್ತದೆ, ಘರ್ಷಣೆ ಇರುತ್ತದೆ. ತೂಕವೇ ಇಲ್ಲದ ಪೈಪಿಗೆ ಬರೀ ಬಿಸಿ ಕೊಟ್ಟರೆ ಯಾವ ಸಪೋರ್ಟ್ ಕೆಲಸ ಮಾಡುತ್ತಿದೆ ಎಂಬುದೇ ತಪ್ಪಾಗುತ್ತದೆ. ಅದಕ್ಕೇ ಕಳೆಯುವುದು. ಇನ್ನೊಂದು: ಬಿ31.3 ಆರಿಸಿಕೊಂಡಾಗ ಆಪರೇಟಿಂಗ್ ಕೇಸ್‌ಗೆ ಕೋಡ್ ಸ್ಟ್ರೆಸ್ ಹೋಲಿಕೆ ಇರುವುದಿಲ್ಲ, ಅಲವಬಲ್ ಜಾಗದಲ್ಲಿ ಸೊನ್ನೆ ಕಾಣುತ್ತದೆ. ಅದನ್ನು ಪಾಸ್ ಎಂದು ಓದಬಾರದು. ಆ ಕೇಸ್ ಬೇಕಾಗುವುದು ನಾಝಲ್ ಲೋಡ್, ಸಪೋರ್ಟ್ ಲೋಡ್, ಚಲನೆಗಳಿಗೆ. ನಾಝಲ್ ಲೋಡನ್ನು ಎಕ್ಸ್‌ಪ್ಯಾನ್ಷನ್ ಕೇಸಿನಿಂದ ತೆಗೆದು ಸಿವಿಲ್‌ನವರಿಗೆ, ಪಂಪ್ ತಯಾರಕರಿಗೆ ಕಳಿಸುವುದು ಮಾಮೂಲಿ ತಪ್ಪು. ಹೈಡ್ರೋಟೆಸ್ಟ್ ಕೇಸನ್ನು ಮರೆಯುವುದು ಇನ್ನೊಂದು. ಗ್ಯಾಸ್ ಲೈನಿಗೆ ನೀರು ತುಂಬಿದಾಗ ಬರುವ ತೂಕಕ್ಕೆ ಸಪೋರ್ಟ್ ಡಿಸೈನ್ ಆಗಿರಬೇಕು. 6 ಇಂಚಿನ ಈ ಪೈಪೇ ಮೀಟರಿಗೆ 28 ಕಿಲೋ ಆದರೆ ಒಳಗಿನ ನೀರು ಇನ್ನೂ 18.6 ಕಿಲೋ.

ಪೈಪ್ ಸಪೋರ್ಟಿನಿಂದ ಮೇಲೇಳುವ ವಿಷಯ ಸ್ವಲ್ಪ ಸೂಕ್ಷ್ಮ. ಬಿಸಿಯಾದಾಗ ಪೈಪ್ ಮೇಲೆದ್ದು ಒಂದು ಸಪೋರ್ಟಿನಿಂದ ಬಿಟ್ಟುಕೊಂಡರೆ ಆಪರೇಟಿಂಗ್ ಕೇಸ್‌ನಲ್ಲಿ ಅಲ್ಲಿ ಲೋಡ್ ಸೊನ್ನೆ ಬರುತ್ತದೆ. ಆದರೆ ತಣ್ಣಗಿನ ಸ್ಥಿತಿಯಲ್ಲಿ ಲೆಕ್ಕ ಮಾಡಿದ ಸಸ್ಟೇನ್ಡ್ ಕೇಸ್‌ನಲ್ಲಿ ಅದೇ ಸಪೋರ್ಟ್ ಭಾರ ಹೊತ್ತು ಕೂತಿರುತ್ತದೆ, ಸ್ಟ್ರೆಸ್ ಕಡಿಮೆ ಕಾಣುತ್ತದೆ. ಪ್ಲಾಂಟ್ ವರ್ಷವಿಡೀ ಓಡುವುದು ಬಿಸಿಯಲ್ಲಿ, ಆಗ ಆ ಸಪೋರ್ಟ್ ಇಲ್ಲ. 6 ಮೀಟರಿನ ಎರಡು ಸ್ಪ್ಯಾನ್ ಸೇರಿ 12 ಮೀಟರ್ ಆದರೆ ತೂಕದಿಂದ ಬರುವ ಸ್ಟ್ರೆಸ್ ನಾಲ್ಕು ಪಟ್ಟು: ನೀರು ತುಂಬಿದ ನಮ್ಮ ಪೈಪಿಗೆ ಸುಮಾರು 12ರಿಂದ 48 ಮೆಗಾಪಾಸ್ಕಲ್. ಇದು ಮಿತಿಯೊಳಗೇ ಇದೆ, ಆದರೆ ಜೋಲು 16 ಪಟ್ಟು ಹೆಚ್ಚುತ್ತದೆ, ಇಳಿಜಾರು ಬೇಕಾದ ಲೈನಿನಲ್ಲಿ ನೀರು ನಿಲ್ಲುತ್ತದೆ. ಪವರ್ ಪ್ಲಾಂಟ್ ಪೈಪಿಂಗಿನ ಕೋಡ್ ಬಿ31.1ರ ಪಟ್ಟಿ 6 ಇಂಚಿನ ನೀರಿನ ಪೈಪಿಗೆ ಸಪೋರ್ಟ್‌ಗಳ ನಡುವೆ 17 ಅಡಿ, ಅಂದರೆ 5.2 ಮೀಟರ್ ಸೂಚಿಸುವುದನ್ನೂ ಇಲ್ಲಿ ನೆನೆಯಬೇಕು. ಬಿ31.3ರ ಅಪೆಂಡಿಕ್ಸ್ ಎಸ್ ಇದೇ ಸಮಸ್ಯೆಯನ್ನು ಉದಾಹರಣೆ ಸಮೇತ ವಿವರಿಸುತ್ತದೆ. ತಂತ್ರಾಂಶವನ್ನು ಬಟನ್ ಬಟನ್ ಆಗಿ ಕಲಿಸುವವರು ಸಾಮಾನ್ಯವಾಗಿ ಹಾರಿಸಿಬಿಡುವ ಪಾಠ ಇದು.

ಘರ್ಷಣೆಯ ಗುಣಾಂಕ ತಾನಾಗಿ ಬರುವುದಿಲ್ಲ. ಖಾಲಿ ಬಿಟ್ಟರೆ ಸೊನ್ನೆ. ಉಕ್ಕಿನ ಮೇಲೆ ಉಕ್ಕಿಗೆ 0.3, ಟೆಫ್ಲಾನ್ ಪ್ಯಾಡ್ ಇದ್ದರೆ 0.1 ಎಂಬುದು ರೂಢಿ. ಉದ್ದ ಪೈಪ್ ರ್‍ಯಾಕ್‌ನಲ್ಲಿ ಘರ್ಷಣೆ ಬಿಟ್ಟರೆ ಆಂಕರ್ ಬಲ ಕಡಿಮೆ ತೋರುತ್ತದೆ. ಆದರೆ ಪಂಪ್ ಹತ್ತಿರ ಘರ್ಷಣೆ ಸೇರಿಸಿದಾಗ ನಾಝಲ್ ಲೋಡ್ ಇಳಿದರೆ ಅದನ್ನು ನಂಬಬೇಡಿ, ಎರಡೂ ರೀತಿಯಲ್ಲಿ ರನ್ ಮಾಡಿ ಹೆಚ್ಚಿನದನ್ನೇ ತೆಗೆದುಕೊಳ್ಳಿ.

ವಾಲ್ವ್, ಫ್ಲ್ಯಾಂಜ್‌ಗಳನ್ನು ರಿಜಿಡ್ ಎಂದು ಕೊಡುತ್ತೇವೆ. ತೂಕದ ಜಾಗ ಖಾಲಿ ಬಿಟ್ಟರೆ ಅದು ತೂಕವೇ ಇಲ್ಲದ ಕಡ್ಡಿಯಾಗುತ್ತದೆ; ಒಳಗಿನ ದ್ರವ, ಮೇಲಿನ ಇನ್ಸುಲೇಷನ್ ಕೂಡ ಸೇರುವುದಿಲ್ಲ. ತೂಕ ಕೊಟ್ಟರೆ ಮಾತ್ರ ದ್ರವವೂ, ಅದೇ ಉದ್ದದ ಪೈಪಿನ 1.75 ಪಟ್ಟು ಇನ್ಸುಲೇಷನ್ ತೂಕವೂ ಸೇರುತ್ತವೆ. ಒಳಗಿರುವ ವಾಲ್ವ್ ಡೇಟಾಬೇಸ್‌ನಿಂದ ಎತ್ತಿದರೆ ಈ ತೊಂದರೆ ಇಲ್ಲ. ಆದರೆ ಆಕ್ಚುಯೇಟರ್ ಇರುವ ಕಂಟ್ರೋಲ್ ವಾಲ್ವ್‌ಗೆ ತಯಾರಕರ ಡ್ರಾಯಿಂಗೇ ಗತಿ.

ಬೆಲ್ಲೋಸ್ (ಹಿಗ್ಗು ಕುಗ್ಗಿಗೆ ಹಾಕುವ ಮಡಿಕೆಗಳ ಜಾಯಿಂಟ್) ಮಾಡೆಲ್ ಮಾಡುವವರು ಇನ್ನೂ ಜಾಗ್ರತೆ ಇರಬೇಕು. ಎಫೆಕ್ಟಿವ್ ಒಳವ್ಯಾಸದ ಜಾಗ ಖಾಲಿ ಬಿಟ್ಟರೆ ಪ್ರೆಷರ್ ಥ್ರಸ್ಟ್ (ಒಳಗಿನ ಒತ್ತಡದ ತಳ್ಳಾಟ) ಲೆಕ್ಕಕ್ಕೇ ಬರುವುದಿಲ್ಲ. 500 ಮಿಲಿಮೀಟರ್ ಎಫೆಕ್ಟಿವ್ ವ್ಯಾಸ, 10 ಬಾರ್ ಒತ್ತಡ ಎಂದರೆ 196 ಕಿಲೋನ್ಯೂಟನ್, ಇಪ್ಪತ್ತು ಟನ್ ತಳ್ಳಾಟ. ಮಾಡೆಲ್‌ನಲ್ಲಿ ಅದು ಇಲ್ಲದಿದ್ದರೂ ಸೈಟಿನಲ್ಲಿ ಇದ್ದೇ ಇರುತ್ತದೆ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಎರಡು ಬೆಲ್ಲೋಸ್‌ಗಳ ನಡುವೆ ತಾತ್ಕಾಲಿಕವಾಗಿ ಹಾಕಿದ್ದ 20 ಇಂಚಿನ ಡೊಂಕು ಪೈಪ್ ಒತ್ತಡಕ್ಕೆ ಕಳಚಿ, ಸ್ಫೋಟದಲ್ಲಿ 28 ಜನ ಸತ್ತರು. ಆ ಪೈಪಿಗೆ ಈ ತಳ್ಳಾಟದ ಲೆಕ್ಕವನ್ನು ಯಾರೂ ಮಾಡಿರಲಿಲ್ಲ, ಕೆಳಗೆ ಕೊಟ್ಟಿದ್ದುದು ಸ್ಕ್ಯಾಫೋಲ್ಡಿಂಗಿನ ಆಸರೆ.

ಈ ಸಾಫ್ಟ್‌ವೇರಿನ ಮೇಲೆ ನಿಜವಾದ ದೂರು ಹೇಳಬೇಕೆಂದರೆ ಅದು ಕಾನ್ಫಿಗರೇಷನ್ ಫೈಲ್ ಬಗ್ಗೆ. ಸೆಟ್ಟಿಂಗ್‌ಗಳು ಕೆಲಸದ ಫೋಲ್ಡರಿಗೆ ಅಂಟಿಕೊಂಡಿರುತ್ತವೆ. ಒಂದೇ ಮಾಡೆಲ್ಲನ್ನು ಬೇರೆ ಫೋಲ್ಡರಿಗೆ ನಕಲಿಸಿ ರನ್ ಮಾಡಿದರೆ ಉತ್ತರ ಬೇರೆ ಬರಬಹುದು: ಲಿಬರಲ್ ಅಲವಬಲ್ (ಸಸ್ಟೇನ್ಡ್ ಸ್ಟ್ರೆಸ್ ಬಳಸದೆ ಉಳಿಸಿದ್ದನ್ನು ಎಕ್ಸ್‌ಪ್ಯಾನ್ಷನ್ ಮಿತಿಗೆ ಸೇರಿಸುವ ಆಯ್ಕೆ) ಆನ್ ಇದೆಯೋ ಇಲ್ಲವೋ, ಎಸ್‌ಐಎಫ್ ಯಾವ ವಿಧಾನದ್ದು. ಬೇರೆಯವರ ಮಾಡೆಲ್ ಪರಿಶೀಲಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ. ಆಂಬಿಯೆಂಟ್ ತಾಪಮಾನ ಕೂಡ ಡೀಫಾಲ್ಟ್ ಆಗಿ 21 ಡಿಗ್ರಿ ಇರುತ್ತದೆ. ಪ್ರಾಜೆಕ್ಟ್ ಸ್ಪೆಕ್ ಬೇರೆ ಹೇಳಿದ್ದರೆ ಬದಲಿಸಿಕೊಳ್ಳಬೇಕು.

ಇನ್ನು ಕಲಿಕೆಯ ಸಾಮಗ್ರಿ. ಹೊರಗಿನ ವಿಡಿಯೋಗಳಿಗಿಂತ ಸಾಫ್ಟ್‌ವೇರಿನ ಜೊತೆಗೇ ಬರುವ ಅಪ್ಲಿಕೇಷನ್ಸ್ ಗೈಡ್ ಎಷ್ಟೋ ಮೇಲು. ಪಂಪ್ ಲೈನಿನ ಟ್ಯುಟೋರಿಯಲ್ ಒಂದಿದೆ. ಮೊದಲ ಭಾಗದಲ್ಲಿ ಮಾಡೆಲ್ ಮಾಡಿಸಿ, ಎರಡನೆಯದರಲ್ಲಿ ಫಲಿತಾಂಶ ಓದಿ ಮತ್ತೆ ಡಿಸೈನ್ ಮಾಡುವುದನ್ನು ತೋರಿಸುತ್ತಾರೆ. ಎರಡನೆಯದನ್ನು ಯಾರೂ ತೆರೆಯುವುದಿಲ್ಲ ಎಂಬುದೇ ವಿಚಿತ್ರ, ಕಲಿಯುವುದು ಅಲ್ಲೇ ಇದೆ. ಬಾಯ್ಲರಿಗೆ ಸೇರಿದ ಸ್ಟೀಮ್ ಲೈನ್ ಮಾಡುವವರು ಬಿ31.1ರ ಜೊತೆಗೆ ನಮ್ಮ ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಷನ್ಸ್) ನಿಯಮಗಳನ್ನೂ ಓದಬೇಕಾಗುತ್ತದೆ; ಯಾವ ಟ್ಯುಟೋರಿಯಲ್ಲೂ ಅದನ್ನು ಹೇಳಿಕೊಡುವುದಿಲ್ಲ.

ಬೇರೆ ಆಯ್ಕೆಗಳೂ ಇವೆ: ಬೆಂಟ್ಲಿಯ ಆಟೋಪೈಪ್, ಜರ್ಮನಿಯ ರೋರ್2, ಸ್ಟಾರ್ಟ್-ಪ್ರೊಫ್, ಎಸ್‌ಎಸ್‌ಟಿ ಸಿಸ್ಟಮ್ಸ್‌ನ ಕೇಪೈಪ್. ಪರಿಕಲ್ಪನೆ ಅರಿಯಲು ಕೇಪೈಪ್ ಹೆಚ್ಚು ಹಿತ. ಇಡೀ ಮಾಡೆಲ್ ಒಂದು ಪಟ್ಟಿಯಲ್ಲಿ ಸಾಲು ಸಾಲಾಗಿ ಎದುರಿಗಿರುತ್ತದೆ, ಎಲ್ಲಿ ಯಾವ ತಾಪಮಾನ ಹರಿದು ಬಂದಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಸಣ್ಣ ಮಾಡೆಲ್‌ಗೆ ಮಿತಿಗೊಳಿಸಿದ ಉಚಿತ ಆವೃತ್ತಿಯೂ ಇದೆ, ಮೇಲಿನ ಮೂರೂ ಅಭ್ಯಾಸಗಳಿಗೆ ಅಷ್ಟು ಸಾಕು. ಕೆಲಸದ ಜಾಹೀರಾತುಗಳಲ್ಲಿ ಕೇಳುವುದು ಮಾತ್ರ ಸೀಸರನ್ನೇ.

ಲೈಸೆನ್ಸ್ ಒಬ್ಬ ವಿದ್ಯಾರ್ಥಿಯ ಜೇಬಿಗೆ ಹೊಂದುವಂಥದ್ದಲ್ಲ. ಕ್ರ್ಯಾಕ್ ಮಾಡಿದ ಹಳೆಯ ಆವೃತ್ತಿಗಳು ಹರಿದಾಡುತ್ತಿರುವುದು ಗುಟ್ಟೇನಲ್ಲ. ಕಾನೂನಿನ ಮಾತು ಒಂದು ಕಡೆ ಇರಲಿ, ಅವುಗಳಲ್ಲಿ ಮೆಟೀರಿಯಲ್ ಡೇಟಾಬೇಸ್, ಕೋಡ್ ಆವೃತ್ತಿ ಎಲ್ಲವೂ ಹಳತು. ಟೀಗಳ ಎಸ್‌ಐಎಫ್ ಈಗಿನ ಕೋಡಿಗೆ ತಾಳೆಯಾಗುವುದಿಲ್ಲ. ಕೋರ್ಸ್ ಸೇರುವುದಾದರೆ ಶುಲ್ಕ ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ: ಕಲಿಸುವ ಯಂತ್ರದಲ್ಲಿ ಅಧಿಕೃತ ಲೈಸೆನ್ಸ್ ಇದೆಯೇ, ಮತ್ತು ಆ 10 ಮೀಟರ್, 5 ಮೀಟರ್ ಎಲ್ ಆಕಾರದ ಪೈಪನ್ನು ಬೋರ್ಡಿನ ಮೇಲೆ ಕೈಯಲ್ಲಿ ಬಿಡಿಸಿ ತೋರಿಸುತ್ತಾರೆಯೇ. ಎರಡನೆಯದಕ್ಕೆ "ಅದೆಲ್ಲ ಸಾಫ್ಟ್‌ವೇರೇ ಮಾಡುತ್ತೆ" ಎಂಬ ಉತ್ತರ ಬಂದರೆ ಬೇರೆ ಕಡೆ ವಿಚಾರಿಸಿ.